ರವಿವಾರ ಹೊರಡುವ ಕುದುರೆ

ನನಗೆ ಚಿಲಕದ ಹುಚ್ಚು. ಯಾರ ಮನೆಗೆ ಹೋದರೂ ಮೊದಲು ಕಣ್ಣು ಹೋಗುವುದು ಬಾಗಿಲ ಹಿಂದಿನ ಚಿಲಕದ ಮೇಲೆ. ಒಳಗಿನಿಂದ ಹಾಕಿಕೊಳ್ಳುವ, ಬೇಕಾದಾಗ ತೆಗೆಯುವ ಅಧಿಕಾರವಿರುವ ಹೆಂಗಸರನ್ನು ಕಂಡರೆ ಒಂದು ಕಾಲಕ್ಕೆ ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ಅಪ್ಪ ಐಗಳಿಯಲ್ಲಿ ಊರಿಗೆ ನೀರು ಬಿಡುವ ಕೆಲಸದಲ್ಲಿದ್ದರು. ಹತ್ತನೇ ಇಯತ್ತೆಯವರೆಗೂ ನಾನು ಆ ಮನೆಯಲ್ಲಿ ಚಿಲಕ ಹಾಕಿಯೇ ಮಲಗಿದವಳು. ಕೊಟ್ಟದ್ದು ಮಾತ್ರ ಕುರಿಯ ಹಿಂದೆ ನಡೆಯುವವರಿಗೆ. ಅವರಿಗೆ ಮನೆತನವಿತ್ತು, ಮನೆ ಇರಲಿಲ್ಲ.

ಅವರ ವರ್ಷ ಹೀಗೆ ಸಾಗುತ್ತಿತ್ತು. ಮಳೆಗಾಲದಲ್ಲಿ ಅಥಣಿ, ಕಾಗವಾಡದ ಒಣ ನೆಲದ ಕಡೆ. ನಮ್ಮ ಕರಿ ಕುರಿಗಳಿಗೆ ಜಿಟಿಜಿಟಿ ಮಳೆ ಆಗಿಬರುವುದಿಲ್ಲ, ಕಾಲು ಕೊಳೆಯುತ್ತವೆ. ದೀಪಾವಳಿ ಮುಗಿಯಿತೆಂದರೆ ಕೃಷ್ಣೆ ದಾಟಿ, ರಾಯಬಾಗ, ಚಿಕ್ಕೋಡಿ ಕಡೆಯ ಕಬ್ಬು ಕಡಿದ ಹೊಲಗಳಲ್ಲಿ ಕುರಿ ಕೂಡ್ರಿಸುತ್ತ ಪಶ್ಚಿಮಕ್ಕೆ ನಡೆಯುವುದು. ಕುರಿ ಕೂಡ್ರಿಸುವುದೆಂದರೆ ಖಾಲಿ ಹೊಲದಲ್ಲಿ ಹಿಂಡನ್ನು ರಾತ್ರಿ ತಂಗಿಸುವುದು. ಹೊಲಕ್ಕೆ ಗೊಬ್ಬರವಾಗುತ್ತದೆ, ನಮಗೆ ಕಾಳುಕಡಿ ಸಿಗುತ್ತದೆ. ತಂಬಾಕು ಕೊಯ್ಲಾಗುವ ಹೊತ್ತಿಗೆ ನಿಪ್ಪಾಣಿ ಸೇರಬೇಕು. ಗಂಡಸರು ಕುರಿಯ ಜೊತೆ. ಬೀಡಾರವೆಲ್ಲ ಹೆಂಗಸರ ಕೈಯಲ್ಲಿ: ಕುದುರೆ, ಕೋಳಿ, ಎಳೆ ಮರಿಗಳು, ಗಡಿಗೆ, ಕಂಬಳಿ, ಕೂಸುಗಳು.

ಬೀಡಾರದ ಯಜಮಾನಿಕೆ ಇದ್ದದ್ದು ಒಲೆಯ ಮೂರು ಕಲ್ಲಿನಲ್ಲಿ. ಹೊಸ ಜಾಗಕ್ಕೆ ಹೋದ ಕೂಡಲೇ ಕಲ್ಲು ಆರಿಸಿ ಒಲೆ ಹೂಡುವವಳು ಹಿರಿಯ ಹೆಂಗಸು. ಬಿಡುವಾಗ ಕಾಲಿನಿಂದ ಆ ಕಲ್ಲುಗಳನ್ನು ಉರುಳಿಸುವವಳೂ ಅವಳೇ. ಕಲ್ಲು ಉರುಳಿತೆಂದರೆ ಆ ನೆಲದ ಋಣ ಮುಗಿಯಿತು. ಹೇರಿದ ಕುದುರೆಯನ್ನು ಮತ್ತೆ ಅದೇ ನೆಲದಲ್ಲಿ ಇಳಿಸುವಂತಿಲ್ಲ. ಏನನ್ನಾದರೂ ಮರೆತಿದ್ದರೂ ಹೊರಳಿ ಬರುವಂತಿಲ್ಲ. ಹೊಸ ಸೊಸೆಯಾಗಿದ್ದಾಗ ನಾನು ಒಮ್ಮೆ ನನ್ನ ಬಾಚಣಿಕೆಯನ್ನು ಹಾಗೇ ಕಳೆದುಕೊಂಡೆ. ಹತ್ತು ಹೆಜ್ಜೆ ಹಿಂದೆ, ಕಣ್ಣಿಗೆ ಕಾಣುತ್ತ ಬಿದ್ದಿತ್ತು. ಅತ್ತೆ ಬಿಡಲಿಲ್ಲ. ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ನಡೆದೆ.

ಅತ್ತೆಗೆ ನಿಪ್ಪಾಣಿಯ ಕಡೆ ಒಂದು ಕೆಲಸವಿತ್ತು. ಮಾವ ತೀರಿಕೊಂಡದ್ದು ಅಲ್ಲಿ, ಬೀಡಾರ ಬಿಟ್ಟಿದ್ದ ತಂಬಾಕಿನ ಹೊಲವೊಂದರಲ್ಲಿ. ಹೊಲದವರು ಒಳ್ಳೆಯವರು, ಬದುವಿನ ಮೂಲೆಯಲ್ಲಿ ಮಣ್ಣು ಮಾಡಲು ಜಾಗ ಕೊಟ್ಟರು. ವರ್ಷಕ್ಕೊಮ್ಮೆ ಅಲ್ಲಿ ಕುರಿ ಕೂಡ್ರಿಸುವುದು, ಅತ್ತೆ ಅಲ್ಲಿ ನೆಟ್ಟ ಕಲ್ಲಿಗೆ ಹಾಲೆರೆಯುವುದು ಪದ್ಧತಿಯಾಗಿತ್ತು. ಹಾಲೆರೆದು ಕೈ ಮುಗಿಯುತ್ತಾಳೆ ಎಂದುಕೊಳ್ಳಬೇಡಿ. ಕಾಲು ಚಾಚಿ ಕೂತು ಬಯ್ಯುತ್ತಿದ್ದಳು. ವರ್ಷದುದ್ದಕ್ಕೂ ಯಾರು ಯಾರು ಏನೇನು ಮಾಡಿದರು, ಯಾವ ಕುರಿ ಸತ್ತಿತು, ಯಾವ ಮಗ ಮಾತು ಕೇಳಲಿಲ್ಲ, ಎಲ್ಲವನ್ನೂ ಹೇಳಿ, ನೀನು ಮಾತ್ರ ಆರಾಮಾಗಿ ಮಲಗಿದ್ದೀಯಲ್ಲ ಎಂದು ಗಂಡನಿಗೆ ಬಯ್ಯುವುದು. ನಾವು ಯಾರಾದರೂ ಅವಳ ಮನಸ್ಸು ನೋಯಿಸಿದರೆ, “ಇರ್ಲಿ, ನಿಪ್ಪಾಣಿಗಿ ಹೋದ ಮ್ಯಾಲ ಅವಗ ಹೇಳ್ತೀನಿ” ಅನ್ನುತ್ತಿದ್ದಳು. ನಮಗೆ ನಗು. ಅವಳಿಗೆ ಅದು ನಗುವ ಮಾತಾಗಿರಲಿಲ್ಲ.

ಎಲ್ಲರ ಕೈಗೂ ಕ್ಯಾಮರಾದ ಮೊಬೈಲು ಬಂದಿದ್ದ ಹೊತ್ತು ಅದು. ಆ ಮಳೆಗಾಲ ನಾವು ಕಾಗವಾಡದ ಹತ್ತಿರ ಒಂದು ದ್ರಾಕ್ಷಿ ತೋಟದ ಪಕ್ಕ ಬೀಡಾರ ಬಿಟ್ಟಿದ್ದೆವು. ತೋಟದ ಧಣಿ ಶನಿವಾರ, ರವಿವಾರ ಸಾಂಗಲಿ, ಕೊಲ್ಹಾಪುರ, ಪುಣೆಯ ಕಡೆಯಿಂದ ಬರುವವರಿಗೆ ಉಳಿಯಲು ಕೋಣೆ ಕಟ್ಟಿಸಿದ್ದರು. ಹಳ್ಳಿಯ ಊಟ, ಎತ್ತಿನ ಗಾಡಿ, ತೋಟದಲ್ಲಿ ತಿರುಗಾಟ. ಒಂದು ದಿನ ಅವರ ಮನೆಗೆ ಬಂದ ಬೀಗರ ಮಕ್ಕಳು ನಮ್ಮ ಬೀಡಾರದತ್ತ ಓಡಿ ಬಂದವು. ಅತ್ತೆ ತಕಲಿ ತಿರುಗಿಸಿ ಉಣ್ಣೆಯ ನೂಲು ತೆಗೆಯುವುದನ್ನು ನೋಡುತ್ತ ಕೂತವು, ಊಟಕ್ಕೂ ಏಳಲಿಲ್ಲ. ಧಣಿಯ ತಲೆಯಲ್ಲಿ ದೀಪ ಹತ್ತಿದ್ದು ಆಗ.

ಅವರು ಕೆಟ್ಟವರಲ್ಲ. ಬಂದು ನೆಲದ ಮೇಲೇ ಕೂತು ಅತ್ತೆಯ ಜೊತೆ ಮಾತಾಡಿದರು. “ಆಯಿ, ನೀವು ಇರೂದು ಹ್ಯಾಂಗ ಐತಿ ಹಂಗ ಇರ್ರಿ. ಮಂದಿ ಬಂದು ನೋಡ್ತಾರ ಅಷ್ಟ. ದ್ರಾಕ್ಷಿ ಸುಗ್ಗಿ ಮುಗಿಯೂತನಾ ಇಲ್ಲೇ ಇರ್ರಿ. ಕುರಿಗಿ ಮೇವು ನಂದು. ನಿಮಗ ಒಂದ ಖೋಲಿ ಕೊಡ್ತೀನಿ.”

ಖೋಲಿ. ಹಳೆಯ ಪಂಪಿನ ಮನೆಗೆ ಸುಣ್ಣ ಹೊಡೆಸಿದ್ದರು. ಒಂದು ಕಿಟಕಿ, ಶಹಾಬಾದಿ ಕಲ್ಲಿನ ನೆಲ, ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಚಿಲಕ. ನಾನು ಒಳಗೆ ಹೋಗಿ ಆ ಚಿಲಕವನ್ನು ಹಾಕಿ ನೋಡಿದೆ, ತೆಗೆದು ನೋಡಿದೆ. ಮಗಳಿಗೆ ಶಾಲೆಯ ವಯಸ್ಸಾಗಿತ್ತು. ಶಾಲೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಆವತ್ತು ನಾನು ಗಂಡನಿಗೆ ಒಂದೇ ಮಾತು ಹೇಳಿದೆ: “ಒಲ್ಲೆ ಅಂದ್ರ ನಾ ಐಗಳಿಗಿ ಹೊಂಟೆ.” ಅವರು ಅವ್ವನ ಮುಖ ನೋಡಿದರು, ನನ್ನ ಮುಖ ನೋಡಿದರು, ಕುರಿಗೆ ಹೊತ್ತಾಯಿತೆಂದು ಎದ್ದು ಹೋದರು. ನಮ್ಮ ಗಂಡಸರಿಗೆ ಇದೊಂದು ಅನುಕೂಲ, ಯಾವಾಗ ಬೇಕಾದರೂ ಕುರಿಗೆ ಹೊತ್ತಾಗಿರುತ್ತದೆ.

ಅತ್ತೆ ಒಪ್ಪಿದಳು. ತಂಬಾಕು ಕೊಯ್ಲಿನ ಹೊತ್ತಿಗೆ ಹೋಗಲು ಬಿಡಬೇಕೆಂದು ಧಣಿಯಿಂದ ಮಾತು ತೆಗೆದುಕೊಂಡೇ ಒಪ್ಪಿದಳು. ಖೋಲಿಯಲ್ಲಿ ಮಾತ್ರ ಮಲಗಲಿಲ್ಲ. ಗಾಳಿ ಸಾಲುವುದಿಲ್ಲ ಅಂದಳು.

ರಸ್ತೆಗೆ ಬೋರ್ಡು ಬಂತು. ಮರಾಠಿಯಲ್ಲಿ ‘ಧನಗರ ವಾಡಾ’ ಎಂದು ಬರೆದಿದ್ದರು. ನಾವು ಕನ್ನಡದಲ್ಲಿ ಕುರುಬರು, ಬೋರ್ಡಿನಲ್ಲಿ ಧನಗರರಾದೆವು. ಅದರಿಂದ ನಮಗೇನೂ ಬೇಜಾರಿಲ್ಲ, ಎರಡೂ ಭಾಷೆ ನಮ್ಮ ಬಾಯಲ್ಲೇ ಇದ್ದವು. ಬಂದವರು ರೊಟ್ಟಿ ಬಡಿಯುವುದನ್ನು ನೋಡಿದರು, ಕಂಬಳಿ ಹೊದ್ದು ಫೋಟೋ ತೆಗೆಸಿಕೊಂಡರು, ಹಾಲು ಹಿಂಡಲು ಹೋಗಿ ಒದೆಸಿಕೊಂಡರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನಿಂತವರನ್ನು ಎಷ್ಟು ಹೊತ್ತು ನೋಡುತ್ತಾರೆ? “ನೀವು ಊರೂರು ತಿರಗೂದನ್ನ ತೋರಸಬೇಕ್ರಿ. ಅದ ಖರೇ ಮಜಾ” ಎಂದರು ಧಣಿ. ರವಿವಾರ ನಾಷ್ಟಾ ಆದ ಮೇಲೆ ಬೀಡಾರ ಕೀಳುವುದು, ಕುದುರೆ ಹೇರುವುದು, ದ್ರಾಕ್ಷಿ ತೋಟವನ್ನು ಒಂದು ಸುತ್ತು ಹಾಕಿ ಬಂದು ಮತ್ತೆ ಇಳಿಸುವುದು.

ಅತ್ತೆಯ ಕೈಯಲ್ಲಿ ತಿರುಗುತ್ತಿದ್ದ ತಕಲಿ ನಿಂತಿತು. “ಹೇರಿದ ಕುದರಿ ಅಲ್ಲೇ ಇಳಸೂದಿಲ್ರಿ ನಾವು” ಎಂದಳು. ಧಣಿ ನಕ್ಕರು. ಸುಮ್ಮನೆ ತೋರಿಸುವುದಕ್ಕಷ್ಟೇ, ಖರೇ ಅಲ್ಲವಲ್ಲ ಎಂದರು. ಬಹಳ ಹೊತ್ತು ಎಳೆದಾಡಿದ ಮೇಲೆ ಅತ್ತೆಯೇ ಒಂದು ದಾರಿ ಹುಡುಕಿದಳು. ನನ್ನ ಕಡೆ ಗದ್ದ ಮಾಡಿ, “ಕಲ್ಲ ಇಕಿ ಉರುಳಸ್ಲಿ. ಇಕಿ ಉರುಳಿಸಿದ್ರ ಲೆಕ್ಕಕ್ಕಿಲ್ಲ” ಎಂದಳು.

ನನಗೆ ಮೈಯೆಲ್ಲ ಉರಿಯಿತು. ಮದುವೆಯಾಗಿ ಅಷ್ಟು ವರ್ಷವಾದರೂ ನಾನು ಲೆಕ್ಕಕ್ಕಿಲ್ಲದವಳು. ಆದರೆ ಖೋಲಿಯ ಚಿಲಕ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಮೊದಲ ರವಿವಾರ ನಾನು ಸೀರೆ ನೆರಿಗೆ ಎತ್ತಿ ಕಾಲಿನಿಂದ ಕಲ್ಲು ಉರುಳಿಸಿದೆ. ಕುದುರೆಯ ಮೇಲೆ ಕಂಬಳಿ, ಗಡಿಗೆ, ಜಾಳಿಗೆಯಲ್ಲಿ ಮರಿಗಳು, ಎಲ್ಲದರ ಮೇಲೆ ಕಾಲು ಕಟ್ಟಿದ ಕೋಳಿಗಳು. ಧಣಿ ಮರಾಠಿಯಲ್ಲಿ, “ಆತಾ ಹೇ ಲೋಕ ನಿಘಾಲೇ” ಎಂದು ಕೂಗಿ ಹೇಳಿದರು, ಈಗ ಇವರು ಹೊರಟರು ಅಂತ. ನಾಯಿಗಳಿಗೆ ಅದು ಖರೇ ಅನ್ನಿಸಿತು. ಕಲ್ಲು ಉರುಳಿದ ಸಪ್ಪಳಕ್ಕೇ ಎದ್ದು, ನಮಗಿಂತ ಮುಂದೆ ರಸ್ತೆಗೆ ಬಿದ್ದು ಓಡಿದವು. ನಾವು ತೋಟ ಸುತ್ತಿ ಬಂದು ಇಳಿಸಿ, ಒಲೆ ಹೂಡಿ, ಬೇಳೆ ಬೇಯಿಸಿದರೂ ಅವು ಬರಲಿಲ್ಲ. ಸಂಜೆ ಹೋಗಿ ನೋಡಿದರೆ ಹೊಳೆಯ ಕಡೆಯ ತಿರುವಿನಲ್ಲಿ ನಮ್ಮ ದಾರಿ ಕಾಯುತ್ತ ಕೂತಿದ್ದವು. ಮುಂದಿನ ವಾರ ಗೇಟಿನವರೆಗಷ್ಟೇ ಹೋದವು. ಆಮೇಲಾಮೇಲೆ ಮಲಗಿದಲ್ಲಿಂದ ಕಿವಿಯೆತ್ತಿ ನೋಡಿ ಮತ್ತೆ ಮಲಗುತ್ತಿದ್ದವು.

ಕುದುರೆಗೂ ಮೊದಮೊದಲು ಗೊಂದಲ. ಗೇಟಿನ ಹತ್ತಿರ ರಸ್ತೆಗೆ ಜಗ್ಗುತ್ತಿತ್ತು, ನಾನು ಹಗ್ಗ ಹಿಡಿದು ತೋಟದ ಕಡೆ ತಿರುಗಿಸಬೇಕಿತ್ತು. ಬರಬರುತ್ತ ಹಗ್ಗವೇ ಬೇಡವಾಯಿತು. ತಾನೇ ಸುತ್ತು ಹಾಕಿ, ಉರುಳಿದ ಕಲ್ಲಿನ ಹತ್ತಿರ ಬಂದು ನಿಲ್ಲುತ್ತಿತ್ತು. ಮಂದಿ ಚಪ್ಪಾಳೆ ತಟ್ಟುತ್ತಿದ್ದರು. ಬೆಲ್ಲ ಸಿಗುತ್ತಿತ್ತು. ಹಾದಿ ಕಲಿಯಲು ಕುದುರೆಗೆ ಇನ್ನೇನು ಬೇಕು?

ದೀಪಾವಳಿ ಬಂದು ಹೋಯಿತು. ಪ್ರತಿವರ್ಷ ಆ ಹೊತ್ತಿಗೆ ನಾವು ಹೊಳೆಯ ಆಚೆ ದಂಡೆಯಲ್ಲಿರುತ್ತಿದ್ದೆವು. ಅತ್ತೆಗೆ ಒಂದು ಕಡೆ ಕೂತಿರಲು ಆಗುತ್ತಿರಲಿಲ್ಲ. ಗಂಟು ಬಿಚ್ಚುವುದು, ಮತ್ತೆ ಕಟ್ಟುವುದು, ಬೇಲಿಯುದ್ದಕ್ಕೂ ನಡೆದು ಹೋಗಿ ಮೂಲೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡುವುದು. ಕಬ್ಬಿನ ಟ್ರ್ಯಾಕ್ಟರುಗಳು ಕಾರ್ಖಾನೆಗೆ ಹೋಗುವುದನ್ನು ಕಂಡು, “ರಾಯಬಾಗ ಕಡೆ ಹೊಲಾ ಖುಲ್ಲಾ ಆಗಾಕತ್ತಾವ” ಅನ್ನುವುದು. ಅವಳ ಚಡಪಡಿಕೆ ನನಗೂ ಅಂಟಿಕೊಂಡಿತು. ಮಧ್ಯಾಹ್ನ ಖೋಲಿಗೆ ಹೋಗಿ ಚಿಲಕ ಹಾಕಿಕೊಂಡು ಕೂಡುತ್ತಿದ್ದೆ. ಸುಖವೋ ಸುಖ ಅಂದುಕೊಂಡು ಕೂತವಳು ಸ್ವಲ್ಪ ಹೊತ್ತಿಗೇ ಎದ್ದು ಚಿಲಕ ತೆಗೆದು ಅವಳು ಎಲ್ಲಿದ್ದಾಳೆಂದು ನೋಡುತ್ತಿದ್ದೆ. ನನ್ನ ಚಿಲಕದ ಸುಖವನ್ನೆಲ್ಲ ಈ ಮುದುಕಿ ತಿಂದು ಹಾಕಿದಳು ಎಂದು ಸಿಟ್ಟು ಬರುತ್ತಿತ್ತು.

ಸಂಕ್ರಾಂತಿ ಆದ ಮೇಲಿನ ರವಿವಾರ. ಸುತ್ತು ಹಾಕಿ ಬಂದು ಇಳಿಸುತ್ತಿದ್ದಾಗ ಪುಣೆಯ ಕಡೆಯ ಒಬ್ಬ ಹುಡುಗಿ ಅತ್ತೆಯ ಹತ್ತಿರ ಬಂದು ಮುದ್ದಾಗಿ, “ಆಜಿ, ಪರತ ಏಕದಾ ಕರಾ ನಾ, ವ್ಹಿಡಿಯೋ ನೀಟ ಆಲಾ ನಾಹೀ” ಎಂದಳು. ಇನ್ನೊಮ್ಮೆ ಮಾಡಿ, ವಿಡಿಯೋ ಸರಿಯಾಗಿ ಬಂದಿಲ್ಲ ಅಂತ. ಅತ್ತೆ ಆ ಹುಡುಗಿಯ ಗಲ್ಲ ಸವರಿದಳು. ಇನ್ನೊಂದು ಸುತ್ತನ್ನೂ ಹಾಕಿದಳು. ಸಂಜೆ ನನ್ನ ಗಂಡನನ್ನು, ಮೈದುನನನ್ನು ಕೂಡ್ರಿಸಿಕೊಂಡು, “ತಂಬಾಕು ಕೊಯ್ಯಾಕತ್ತಾರ. ನಾಳಿಗಿ ಹೊಂಡೂದು” ಎಂದಳು.

ನಾನು ಬರುವುದಿಲ್ಲ ಎಂದೆ. “ಮಗಳ ಸಾಲಿ ಐತಿ. ನೀವು ಹೋಗಿ ಬರ್ರಿ. ನಾನೂ ಮಗಳೂ ಖೋಲ್ಯಾಗ ಇರ್ತೀವಿ.” ಜಗಳ ಆಗಬಹುದೆಂದು ಸೊಂಟ ಕಟ್ಟಿಕೊಂಡಿದ್ದೆ. ಅತ್ತೆ, “ಇರು” ಎಂದಳು, ಅಷ್ಟೇ. ಜಗಳಕ್ಕೆ ತಯಾರಾಗಿದ್ದವಳಿಗೆ ಜಗಳ ಸಿಗದಿದ್ದರೆ ಎಷ್ಟು ಕಷ್ಟ ಎನ್ನುವುದು ಆವತ್ತು ತಿಳಿಯಿತು.

ಸೋಮವಾರ ತೋಟದಲ್ಲಿ ನೋಡುವವರು ಯಾರೂ ಇರಲಿಲ್ಲ. ಮಗಳನ್ನು ಶಾಲೆಗೆ ಕಳಿಸಿದ್ದೆ. ಗಂಡಸರು ಹಿಂಡು ಹೊಡೆದುಕೊಂಡು ಮೊದಲೇ ಹೊರಟಿದ್ದರು, ಹೊಳೆಯ ಹತ್ತಿರ ಕೂಡುವುದೆಂದು ಮಾತಾಗಿತ್ತು. ಅತ್ತೆ ತಾನೇ ಕುದುರೆ ಹೇರಿದಳು. ನಾನು ಕೈ ಹಾಕಲು ಹೋದರೆ ಬೇಡ ಎಂದಳು. ಆಮೇಲೆ ಒಲೆಯ ಮುಂದೆ ನಿಂತು ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು, ಕಾಲಿನಿಂದ ಮೂರು ಕಲ್ಲನ್ನೂ ಉರುಳಿಸಿದಳು. ನಾನು ವಾರವಾರ ಉರುಳಿಸುತ್ತಿದ್ದೆನಲ್ಲ, ಹಾಗಲ್ಲ. ಒಂದು ಕಲ್ಲು ಉರುಳಿ ನಿಂತ ಮೇಲೆಯೇ ಇನ್ನೊಂದಕ್ಕೆ ಕಾಲು ಹಚ್ಚಿದಳು.

ಕುದುರೆಯ ಹಗ್ಗ ಹಿಡಿದು ಗೇಟಿನತ್ತ ನಡೆದಳು. ಗೇಟಿನ ಹತ್ತಿರ ಕುದುರೆ ತೋಟದ ಕಡೆ ತಿರುಗಿತು. ಅತ್ತೆ ಜಗ್ಗಿದಳು. ಅದು ಕೇಳಲಿಲ್ಲ, ಹಗ್ಗ ಅವಳ ಕೈಯಿಂದ ಜಾರಿತು. ದ್ರಾಕ್ಷಿ ಬಳ್ಳಿಗಳ ಪಕ್ಕದಲ್ಲಿ ಅದು ತನ್ನ ಪಾಡಿಗೆ ತಾನು ನಡೆಯಿತು, ಗಡಿಗೆ ಸಪ್ಪಳ ಮಾಡುತ್ತ, ಕೋಳಿ ಹೊತ್ತು. ಪೂರ್ತಿ ಒಂದು ಸುತ್ತು. ಬಂದು ಉರುಳಿದ ಕಲ್ಲಿನ ಹತ್ತಿರ ನಿಂತು ನನ್ನ ಕೈ ಮೂಸಿತು, ಬೆಲ್ಲಕ್ಕೆ.

ಅತ್ತೆ ಗೇಟಿನಿಂದ ಹೊರಳಿ ಬಂದಳು. ಹೊರಟ ಮೇಲೆ ಹೊರಳಿ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಕುದುರೆಯ ಕುತ್ತಿಗೆ ಸವರಿ, “ಇದಕ್ಕ ಎಲ್ಲಿಗಿ ಹೋಗಬೇಕು ಅನ್ನೂದು ಮರತಹೋಗೇತಿ” ಎಂದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತಳು. “ಬ್ಯಾಡ ಅಂತಾನೋ ಏನೋ ನಿಮ್ಮ ಮಾವ. ಬರಬ್ಯಾಡ ಅಂತಾನ. ಇಳಸವ್ವಾ. ಒಲಿ ಹೂಡು.”

ನನಗೆ ಬೇಕಾದದ್ದೇ ಆಗಿತ್ತು. ಯಾರೂ ಎಲ್ಲಿಗೂ ಹೋಗುವುದಿಲ್ಲ. ಖೋಲಿ, ಶಾಲೆ, ಚಿಲಕ ಎಲ್ಲವೂ ನನ್ನವು. ಒಲೆ ಹೂಡಲು ಬಗ್ಗಿ ಒಂದು ಕಲ್ಲು ಎತ್ತಿದೆ. ಮಸಿ ಹಿಡಿದ ಆ ಕಲ್ಲು ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲಿ ಆ ಮುದುಕಿ, ವರ್ಷದ ಬೈಗುಳವನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡವಳು, ಬೈಯಲು ಹೋಗಲಾಗದೆ ತನ್ನ ಕೈ ತಾನು ನೋಡಿಕೊಳ್ಳುತ್ತ ಕೂತಿದ್ದಳು. ಅವಳ ಮೇಲೆ, ಕುದುರೆಯ ಮೇಲೆ, ಧಣಿಯ ಮೇಲೆ, ಮಣ್ಣಲ್ಲಿ ಮಲಗಿದ ಮಾವನ ಮೇಲೆ, ಯಾರ ಮೇಲೆ ಬಂದ ಸಿಟ್ಟೋ ತಿಳಿಯದು. ಕೈಯಲ್ಲಿದ್ದ ಕಲ್ಲನ್ನು ತೋಟದೊಳಕ್ಕೆ ಬೀಸಿ ಒಗೆದೆ. ಎರಡನೆಯದನ್ನೂ ಒಗೆದೆ. ಮೂರನೆಯದು ಭಾರವಿತ್ತು, ಎರಡೂ ಕೈಯಿಂದ ಎತ್ತಿ ತೋಟದ ಕಾಲುವೆಗೆ ಹಾಕಿದೆ.

“ಏಳ್ರಿ ಅತ್ತಿ,” ಎಂದೆ. “ಒಲಿ ಇಲ್ಲ ಇಲ್ಲಿ.”

ಸಪ್ಪಳಕ್ಕೆ ಧಣಿ ಕಟ್ಟೆಯಿಂದ ಎದ್ದು ಬಂದರು. ಹೊರಡುತ್ತೇವೆಂದು ಅವರಿಗೆ ಗೊತ್ತಿತ್ತು, ನಾನೂ ಹೊರಡುತ್ತೇನೆಂದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. “ಶನಿವಾರ ಪುಣೆದವ್ರು ಬರಾಕತ್ತಾರ. ಅವ್ರಿಗಿ ಏನ ತೋರಸ್ಲಿ?” ಎಂದು ಕೇಳಿದರು.

“ತ್ವಾಟದಾಗ ಮೂರ ಕಲ್ಲ ಬಿದ್ದಾವ್ರಿ. ಅವನ್ನ ತೋರಸ್ರಿ” ಎಂದೆ. ಅವರು ನಕ್ಕರೋ ಮುಖ ಸಣ್ಣ ಮಾಡಿದರೋ ನೋಡಲು ನಿಲ್ಲಲಿಲ್ಲ.

ಕುದುರೆಯ ಹಗ್ಗ ಹಿಡಿದೆ. ವಾರವಾರ ನನ್ನ ಹಿಂದೆ ನಡೆದು ಅದಕ್ಕೆ ನನ್ನ ಕೈ ರೂಢಿಯಾಗಿತ್ತು. ಗೇಟಿನಲ್ಲಿ ಒಮ್ಮೆ ತೋಟದ ಕಡೆ ಕತ್ತು ತಿರುಗಿಸಿತು, ನಾನು ಬಿಡಲಿಲ್ಲ, ಬಂತು. ರಸ್ತೆಯವರೆಗೆ ಬಿಟ್ಟು ಬರೋಣ ಅಂದುಕೊಂಡಿದ್ದೆ. ರಸ್ತೆಯಲ್ಲಿ ಅತ್ತೆಯ ಕೈಗೆ ಹಗ್ಗ ಕೊಟ್ಟರೆ ಅದು ನಿಂತುಬಿಟ್ಟಿತು. ಹೊಳೆಯವರೆಗೆ ಬರುತ್ತೇನೆ ಎಂದೆ. ಶಾಲೆಯ ಮುಂದೆ ಹಾದು ಹೋಗುವಾಗ ಕಾಲು ಎತ್ತಿಡಲಾಗಲಿಲ್ಲ. ಒಳಗೆ ಹೋಗಿ ಮಾಸ್ತರರಿಗೆ ಕೈ ಮುಗಿದು ಮಗಳನ್ನು ಕರೆದುಕೊಂಡು ಬಂದೆ. “ಮತ್ತ ಯಾವಾಗ್ರಿ?” ಎಂದು ಅವರು ಕೇಳಿದರು. ಮಳೆಗಾಲಕ್ಕೆ ಎಂದೆ. ಮಗಳು ಗಂಟಿನ ಮೇಲೆ ಕೋಳಿಗಳ ನಡುವೆ ಕೂತು, ಪಾಟೀಚೀಲ ಕೊರಳಿಗೆ ಹಾಕಿಕೊಂಡು, ಊರೆಲ್ಲ ಕೇಳುವ ಹಾಗೆ ಮಗ್ಗಿ ಹೇಳುತ್ತಿದ್ದಳು. ನಾನು ಹಗ್ಗ ಹಿಡಿದು ಅಳುತ್ತ ನಡೆದೆ. ಹಿಂದೆ ಬರುತ್ತಿದ್ದ ಅತ್ತೆಗೆ ಅದು ಕಾಣದಂತೆ ಸೆರಗನ್ನು ಮುಂದಕ್ಕೆ ಎಳೆದುಕೊಂಡಿದ್ದೆ.

ಹೊಳೆಯ ಹತ್ತಿರ ಗಂಡಸರು ಕೂಡಿಕೊಂಡರು, ನಾನು ಹೊರಳಲಿಲ್ಲ. ಸೇತುವೆ ದಾಟಿದ ಮೇಲೆ ನಾಯಿಗಳು ಮುಂದೆ ಓಡಲು ಶುರು ಮಾಡಿದವು. ಅತ್ತೆಯ ಹೆಜ್ಜೆ ನನ್ನ ಹೆಜ್ಜೆಗಿಂತ ಚುರುಕಾಯಿತು. ದಾರಿಯಲ್ಲಿ ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ಹೊಳೆಯ ದಂಡೆಯಲ್ಲಿ, ಹೊಲದಲ್ಲಿ, ಚಿಕ್ಕೋಡಿಯ ದಿಬ್ಬದ ಮೇಲೆ, ಎಲ್ಲಿ ಬೀಡಾರ ಬಿಟ್ಟರೂ ಒಲೆಯನ್ನು ತಾನೇ ಹೂಡಿದಳು. ಕಲ್ಲು ಒಗೆದದ್ದರ ಬಗ್ಗೆ ಒಂದು ಮಾತೂ ಇಲ್ಲ. ಹೋದ ಮೇಲೆ ಮಾವನಿಗೆ ಹೇಳಲು ಇಟ್ಟುಕೊಂಡಿದ್ದಾಳೆ ಎಂದು ನನಗೆ ಗೊತ್ತಾಯಿತು. ನಡೆದಷ್ಟೂ ನನಗೆ ಭಯ ಹೆಚ್ಚಾಯಿತು. ಒಲೆಯ ಕಲ್ಲನ್ನು ಕಸದ ಹಾಗೆ ಎಸೆದ ಸೊಸೆಯ ಸುದ್ದಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನಿಪ್ಪಾಣಿಯ ಆ ಹೊಲದಲ್ಲಿ ತಂಬಾಕು ಕೊಯ್ದು ಮುಗಿದಿತ್ತು. ಗಾಳಿಗೆಲ್ಲ ಅದರ ಘಾಟು. ಹೊಲದ ಯಜಮಾನರು, “ಈ ವರ್ಷ ಬರೂದಿಲ್ಲ ಏನೋ ಅಂದ್ಕೊಂಡಿದ್ದೆವು” ಎಂದು ಮಾವನ ಕಲ್ಲಿನ ಸುತ್ತ ಆಗಲೇ ಕಸ ತೆಗೆಸಿದ್ದನ್ನು ತೋರಿಸಿದರು. ಅತ್ತೆ ಹಾಲೆರೆದು ಕಾಲು ಚಾಚಿ ಕೂತಳು. ನಾನು ಕುದುರೆಯ ಹಗ್ಗ ಹಿಡಿದುಕೊಂಡೇ, ಸ್ವಲ್ಪ ದೂರದಲ್ಲಿ ನಿಂತೆ.

ಬೈಗುಳ ಮೊದಲಾಯಿತು. ಮೊಣಕಾಲ ನೋವಿನಿಂದ ಹಿಡಿದು ಧಣಿಯ ಬೋರ್ಡಿನವರೆಗೆ, ಮಾತಾಡದೆ ಕುರಿಯ ಹಿಂದೆ ಓಡುವ ಮಗನವರೆಗೆ ಎಲ್ಲ ಬಂತು. ಸುತ್ತು ತಿರುಗಿ ಸುತ್ತು ತಿರುಗಿ ದಾರಿ ಮರೆತ ಕುದುರೆಯೂ ಬಂತು. ಆಮೇಲೆ ಉಸಿರು ತೆಗೆದುಕೊಂಡಳು. ನನ್ನ ಪಾಳಿ ಬಂತೆಂದು ನಾನು ತಲೆ ಬಗ್ಗಿಸಿದೆ.

“ನಾ ಕುಂತಬಿಟ್ಟಿದ್ದೆ ನೋಡು,” ಎಂದಳು ಆ ಕಲ್ಲಿಗೆ. “ಒಲಿ ಹೂಡಂತ ನಾನ ಹೇಳಿದ್ದೆ. ಇಕಿ ಮೂರೂ ಕಲ್ಲ ಎತ್ತಿ ಒಗದಳು.” ಕಲ್ಲಿನ ಮೇಲೆ ಕೂತ ನೊಣ ಓಡಿಸಿದಳು. “ಇಕಿ ಒಗದಳಂತ ನಾ ಬಂದೀನಿ.”

ನೆಲಕ್ಕೆ ಕೈ ಊರಿ ಎದ್ದಳು, ಸೀರೆಯ ಧೂಳು ಕೊಡವಿದಳು, ನನ್ನ ಹತ್ತಿರ ಬಂದು ಕುದುರೆಯ ಹಗ್ಗ ತೆಗೆದುಕೊಂಡಳು. ಬದುವಿನ ಕಡೆ ಗದ್ದ ಮಾಡಿ, “ಹೋಗು, ಕಲ್ಲ ಆರಿಸಿಕೊಂಡ ಬಾ. ಒಲಿ ನೀನ ಹೂಡು” ಎಂದಳು.

ನಾನು ಜೀವನದಲ್ಲಿ ಬೇಡಿಕೊಂಡಿದ್ದು ಒಂದು ಬಾಗಿಲನ್ನು, ಅದಕ್ಕೊಂದು ಚಿಲಕವನ್ನು. ಅದು ಆಮೇಲೆ ಐಗಳಿಯಲ್ಲಿ ಸಿಕ್ಕಿತು, ಈಗಲೂ ಇದೆ. ಆವತ್ತು ಮಾತ್ರ ಸೆರಗು ಸಿಕ್ಕಿಸಿಕೊಂಡು ಬದುವಿನುದ್ದಕ್ಕೂ ಹುಡುಕಿದೆ. ಒಂದು ಕಲ್ಲು ಎತ್ತಿ ನೋಡಿ ಬಿಟ್ಟೆ, ಇನ್ನೊಂದನ್ನು ನೆಲಕ್ಕೆ ಕೂಡ್ರಿಸಿ ಅಲ್ಲಾಡುತ್ತದೆಯೇ ನೋಡಿದೆ. ಮಗಳು ಹಸಿವು ಎಂದು ಕೂಗುತ್ತಿದ್ದಳು. ಮೂರೂ ಒಂದೇ ಎತ್ತರದವು ಸಿಗುವವರೆಗೆ ನಾನು ಹೊರಳಿ ಬರಲಿಲ್ಲ.